ಕೊರಳ ಗುಳಿಯ ಅಡ್ಡನಾರು

ಹಂದಿಗೆ ಕೊರಳೆಲುಬು ಇಲ್ಲ. ಭುಜದಿಂದ ಎದೆಗೆ ಅಡ್ಡ ಬರುವ ಆ ಮೂಳೆ ಕುದುರೆಗೂ ಇಲ್ಲ, ಹಸುವಿಗೂ ಇಲ್ಲ. ಇದನ್ನು ನನಗೆ ಹೇಳಿದವಳು ನನ್ನ ಗಂಡನ ಅಕ್ಕ ನೆಟಾ. ಹೇಳಿದ್ದು ಊಟದ ಮೇಜಿನಲ್ಲಿ, ನಾನು ಮದುವೆಯಾಗಿ ಆ ಮನೆಗೆ ಕಾಲಿಟ್ಟ ಹೊಸತರಲ್ಲಿ, ನನ್ನ ಬಾಯಲ್ಲಿ ತುತ್ತಿರುವಾಗ. ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಎದ್ದು ಬಂದು ನನ್ನ ಕೊರಳ ಬುಡದ ಗುಳಿಯಲ್ಲಿ ತೋರುಬೆರಳಿಟ್ಟು, "ನುಂಗು," ಎಂದಳು. ಹೆದರಿ ನುಂಗಿದೆ. "ಭುಜ ಇಳಿಬಿಡು," ಎಂದಳು. ಇಳಿಬಿಟ್ಟೆ. "ಗಟ್ಟಿ ಇದಾಳೆ ಕಣೋ ಬ್ರಾಂಟ್, ನೀರು ಹೊರೋಕೆ ತೊಂದ್ರೆ ಇಲ್ಲ," ಎಂದು ತಮ್ಮನಿಗೆ ಹೇಳಿ, ಹೋಗಿ ತನ್ನ ಸೂಪು ಕುಡಿದಳು. ಸಂತೆಯಲ್ಲಿ ದನದ ಹಲ್ಲು ನೋಡಿದ ಹಾಗೆ ನೋಡಿದಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ನನ್ನ ಗಂಡ ಮಾತ್ರ ನಗುತ್ತಿದ್ದ.

ನಮ್ಮಲ್ಲಿ ಅಂಥವಳನ್ನು 'ಸರಿಮಾಡುವವಳು' ಎನ್ನುತ್ತಾರೆ. ಮೂಳೆ ಕೂರಿಸುವುದು, ಉಳುಕು ತೆಗೆಯುವುದು, ಸೂಲಗಿತ್ತಿ ಸಿಗದಿದ್ದರೆ ಹೆರಿಗೆ ಮಾಡಿಸುವುದು, ಎಲ್ಲ ಅವಳ ಪಾಲಿಗೆ. ಕೆನಡಾದ ಮ್ಯಾನಿಟೋಬಾ ಬಯಲಿನಲ್ಲಿ ನಮ್ಮ ಮೆನ್ನೊನೈಟ್ ಕ್ರೈಸ್ತರ ಊರುಗಳೆಲ್ಲ ಒಂದೇ ಬೀದಿಯ ಊರುಗಳು. ನಮ್ಮ ಐಷೆನ್‌ಫೆಲ್ಟ್ ಕೂಡ ಹಾಗೆಯೇ. ಯಾರ ಮನೆಯ ಮುಂದೆ ಪರವೂರಿನ ಬಂಡಿ ನಿಂತಿದೆಯೋ ಅದೇ ನೆಟಾಳ ಮನೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಆ ಮನೆ ನಮ್ಮ ಮನೆಯೇ. ನನ್ನ ಅಡುಗೆಮನೆಯ ಕುರ್ಚಿಯ ಮೇಲೆ ಊರಿನವರೆಲ್ಲ ಕೂತು ಅರಚಿ ಹೋಗುತ್ತಿದ್ದರು. ನಾನು ಬ್ರೆಡ್ಡಿನ ಹಿಟ್ಟು ನಾದುತ್ತಿದ್ದರೆ ಪಕ್ಕದಲ್ಲಿ ಯಾರದೋ ಮೊಣಕೈ ಕಟಕ್ಕೆನ್ನುತ್ತಿತ್ತು.

ವಿದ್ಯೆ ಬಂದದ್ದು ಅವಳ ಅಜ್ಜಿಯಿಂದ. ರಷ್ಯಾದಿಂದ ಹಡಗಿನಲ್ಲಿ ಬಂದ ಮುದುಕಿ ಆಕೆ, ಬಾಯಲ್ಲಿ ಹಲ್ಲಿಲ್ಲದಿದ್ದರೂ ಬೈಗುಳಕ್ಕೆ ಕೊರತೆಯಿರಲಿಲ್ಲವಂತೆ. ಯಾರ ಮನೆಯಲ್ಲಿ ಹಂದಿ ಕಡಿದರೂ, ಕುದುರೆ ಸತ್ತರೂ ಮೊಮ್ಮಗಳನ್ನು ಕರೆದುಕೊಂಡು ಹೋಗಿ, ಒಂದೊಂದು ಕೀಲನ್ನೂ ಕಣ್ಣುಮುಚ್ಚಿಸಿ ಮುಟ್ಟಿಸುತ್ತಿದ್ದಳು. ಆದರೆ ಕೊರಳೆಲುಬು ಆ ಪ್ರಾಣಿಗಳಲ್ಲಿ ಇಲ್ಲವಲ್ಲ. ಅದಕ್ಕೆ ಹೆಬ್ಬಾತನ್ನು ಕೊಡುತ್ತಿದ್ದಳು. ಹೆಬ್ಬಾತಿಗೆ ಎರಡು ಕೊರಳೆಲುಬೂ ಕೂಡಿಕೊಂಡು ಒಂದೇ ಕವಲಾಗಿದೆ. ಮನುಷ್ಯರಿಗೆ ಕೂಡಿಕೊಂಡಿಲ್ಲ. ಎದೆಮೂಳೆಯ ಮೇಲಿನ ಅಂಚಿಗೆ ಎಡದಿಂದ ಒಂದು, ಬಲದಿಂದ ಒಂದು ಬಂದು ಆನಿಕೊಂಡಿವೆ, ಅಷ್ಟೆ. ಆನಿಕೊಂಡ ಜಾಗವೋ ತೀರ ಮೇಲುಮೇಲಿನದು. ತಟ್ಟೆಯ ಅಂಚಿಗೆ ಇಟ್ಟ ಚಮಚದಷ್ಟೇ ಭದ್ರ. ಅವನ್ನು ಹಿಡಿದಿರುವುದು ಸುತ್ತಲಿನ ನಾರುಗಳು. ಅವುಗಳಲ್ಲಿ ಒಂದು, ಈ ತುದಿಯಿಂದ ಆ ತುದಿಗೆ, ಕೊರಳ ಗುಳಿಯ ತಳವನ್ನು ಬಳಸಿಕೊಂಡು, ಎದೆಮೂಳೆಗೂ ಅಂಟಿಕೊಂಡು ಅಡ್ಡಲಾಗಿ ಹೋಗುತ್ತದೆ. ನೆಟಾ ಅದನ್ನು ಅಡ್ಡನಾರು ಎನ್ನುತ್ತಿದ್ದಳು. ತೋಳು ಎತ್ತಿದರೆ ಅದು ಸಡಿಲ, ಇಳಿಬಿಟ್ಟರೆ ಬಿಗಿ. ಎರಡು ಕೈಯಲ್ಲೂ ನೀರಿನ ಬಕೀಟು ಹಿಡಿದು ನಡೆಯುವಾಗ ಭುಜಗಳು ಜಗ್ಗಿ ಕೆಳಗಿಳಿಯದ ಹಾಗೆ ತಡೆಯುವುದು ಅದೇ.

"ಎಡಗಡೆ ಏನಾಯ್ತು ಅಂತ ಬಲಗಡೆಗೆ ಹೇಳೋದು ಅದೊಂದೇ ಕಣೆ," ಎಂದು ಒಮ್ಮೆ ಹೇಳಿದ್ದಳು. "ಬೆರಳಿಟ್ಟು ಭುಜ ಇಳಿಸಿದ್ರೆ ಎರಡು ಕಡೆನೂ ಸಮ ಎಳೀಬೇಕು. ಒಂದು ಕಡೆ ಸತ್ತಿದ್ರೆ ಆ ಕಡೆ ಮೂಳೆ ಜಾಗದಲ್ಲಿಲ್ಲ ಅಂತ ಅರ್ಥ."

"ಜಾಗದಲ್ಲಿಲ್ದೆ ಎಲ್ಲಿಗೆ ಹೋಗಿರುತ್ತೆ?" ಎಂದು ನಾನು ಕೇಳಿದೆ.

"ಮುಂದಕ್ಕೆ ಬಂದ್ರೆ ಪುಣ್ಯ. ಒಳಕ್ಕೆ ಹೋದ್ರೆ..." ಎಂದು ಅವಳು ನಿಲ್ಲಿಸಿದಳು. "ನಾನು ನೋಡಿಲ್ಲ. ಅಜ್ಜಿ ಒಂದೇ ಒಂದು ನೋಡಿದ್ಲಂತೆ. ಅದ್ರ ಹಿಂದೆ ಉಸಿರಿನ ಕೊಳವೆ, ಅನ್ನದ ಕೊಳವೆ, ಹೆಬ್ಬೆರಳು ದಪ್ಪದ ರಕ್ತನಾಳ. ಅಜ್ಜಿ ಅದ್ರ ಬಗ್ಗೆ ಜಾಸ್ತಿ ಮಾತಾಡ್ತಿರ್ಲಿಲ್ಲ."

ನೆಟಾಳಿಗೆ ಇನ್ನೂ ಜಡೆ ಹೆಣೆದುಕೊಳ್ಳುವ ವಯಸ್ಸಿರುವಾಗಲೇ ತಾಯಿ ಹೋದಳು. ತೊಟ್ಟಿಲಲ್ಲಿ ಇಸ್‌ಬ್ರಾಂಡ್, ನನ್ನ ಗಂಡ. ಊರೆಲ್ಲ ಅವನನ್ನು ಬ್ರಾಂಟ್ ಎನ್ನುವುದು. ಅವಳೇ ಅವನಿಗೆ ಬಾಟಲಿಯಲ್ಲಿ ಹಾಲು ಕುಡಿಸಿದಳು, ಅವಳೇ ಅವನಿಗೆ ಅಕ್ಷರ ತಿದ್ದಿಸಿದಳು. ಬೇಲಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಾಗ, ಮಂಜುಗಡ್ಡೆಯ ಮೇಲೆ ಜಾರಿ ಕಾಲಿನ ಗಿಣ್ಣು ತಿರುಚಿದಾಗ ಅವಳೇ ಕೂರಿಸಿದಳು. ಪಕ್ಕದ ಊರಿನ ಒಬ್ಬ ವಿಧುರ ಮದುವೆ ಕೇಳಿಕೊಂಡು ಎರಡು ಚಳಿಗಾಲ ಓಡಾಡಿದ. ಬ್ರಾಂಟ್ ದೊಡ್ಡವನಾಗಲಿ ಎಂದಳು. ಬ್ರಾಂಟ್ ದೊಡ್ಡವನಾಗುವ ಹೊತ್ತಿಗೆ ವಿಧುರನಿಗೆ ಬೇರೆ ಹೆಂಡತಿ ಸಿಕ್ಕಿದ್ದಳು. ಇದನ್ನೆಲ್ಲ ಅವಳು ನನಗೆ ಎಂದೂ ಹೇಳಲಿಲ್ಲ. ಪಕ್ಕದ ಮನೆಯ ಲೇನಾ ಹೇಳಿದ್ದು. ಲೇನಾಳಿಗೆ ಗೊತ್ತಿಲ್ಲದ್ದು ಬೀದಿಯಲ್ಲಿ ಏನೂ ಇರಲಿಲ್ಲ. ಅಂಥ ಅಕ್ಕನ ಮನೆಗೆ ಸೊಸೆಯ ಹಾಗೆ ಬಂದವಳ ಪಾಡು ಏನು ಎಂದು ನಾನು ಬೇರೆ ಹೇಳಬೇಕಾಗಿಲ್ಲ. ನಾವಿಬ್ಬರೂ ಒಂದೇ ಒಲೆಯ ಮುಂದೆ, ಒಂದೇ ಗಂಡಸಿನ ಬಗ್ಗೆ, ದಿನವೂ ಜಗಳವಾಡುತ್ತಿದ್ದೆವು. ಅವನಿಗೆ ಉಣ್ಣೆಯ ಅಂಗಿ ಯಾವಾಗ ಹಾಕಬೇಕು ಎಂಬುದೂ ಜಗಳವೇ.

ಆ ವರ್ಷ ನವೆಂಬರಿನಲ್ಲಿ ಕಡಿಯಬೇಕಾಗಿದ್ದದ್ದು ಒಂದು ಹೆಣ್ಣು ಹಂದಿ. ಬೇಸಿಗೆಯಲ್ಲಿ ಮರಿ ಹಾಕಿ, ಹಾಕಿದ ಮರಿಗಳನ್ನು ತಾನೇ ತಿಂದಿತ್ತು. ಒಂದನ್ನಾದರೂ ಉಳಿಸೋಣ ಎಂದು ನಾನು ಒಳಗೆ ಹೋದರೆ ಬಾಯಿಗೆ ರಕ್ತ ಮೆತ್ತಿಕೊಂಡು ನನ್ನನ್ನೇ ನೋಡುತ್ತ ನಿಂತಿತ್ತು. ಆಮೇಲೆ ಅದಕ್ಕೆ ಮೇವು ಹಾಕಲು ನಾನು ಹೋಗಲಿಲ್ಲ. "ಅದ್ರ ಮಾಂಸ ನಂಗೆ ಬೇಡಮ್ಮ," ಎಂದು ಲೇನಾ ಮೊದಲೇ ಹೇಳಿಬಿಟ್ಟಿದ್ದಳು. ಆದರೂ ಹಂದಿ ಕಡಿಯುವ ದಿನ ಅಕ್ಕಪಕ್ಕದವರು ಬರಲೇಬೇಕು, ನಮ್ಮಲ್ಲಿ ಅದು ತಪ್ಪುವುದಿಲ್ಲ. ಬೆಳಕು ಹರಿಯುವ ಮೊದಲೇ ಲೇನಾ ಬಂದಳು, ಅವಳ ಗಂಡ ಕ್ನೆಲ್ಸ್ ಬಂದೂಕು ಹಿಡಿದು ಬಂದ. ಹಿಂದಿನ ದಿನದವರೆಗೆ ಕೆಸರಿದ್ದ ಅಂಗಳ ರಾತ್ರಿ ಕಳೆಯುವುದರಲ್ಲಿ ಕಲ್ಲಾಗಿತ್ತು. ಆಕಾಶ ತಗ್ಗಿ ಚಾವಣಿಗೆ ತಾಗಿದ ಹಾಗಿತ್ತು, ಗಾಳಿ ಒಂದಿಷ್ಟೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಕುದುರೆಗಳು ಸುಮ್ಮನಿರದೆ ಕಾಲು ಬಡಿಯುತ್ತಿದ್ದವು.

ಚಳಿಗೆ ಬಂದೂಕು ಸಿಡಿಯಲಿಲ್ಲ. ಅದರ ಕೀಲು ಎಳೆದ ಕಟ್ ಎಂಬ ಸದ್ದಷ್ಟೇ ಬಂತು. ಹಂದಿ ತಿರುಗಿ ನುಗ್ಗಿತು. ಬ್ರಾಂಟ್ ಕೊಟ್ಟಿಗೆಯ ಬಾಗಿಲು ಮುಚ್ಚಲು ಓಡಿದ. ಮುಚ್ಚುವಷ್ಟರಲ್ಲಿ ಹಂದಿ ಬಾಗಿಲಿಗೇ ಗುದ್ದಿತು. ಅವನ ಎಡ ಭುಜ ಕಂಬಕ್ಕೆ ಒತ್ತಿತ್ತು. ಆ ಭಾರದ ಹಲಗೆಯ ಬಾಗಿಲು ಬಲ ಭುಜದ ಹಿಂದುಗಡೆಗೆ ಬಂದು ಬಡಿಯಿತು. ನಡುವೆ ಅವನು ಮಡಚಿದ ಹಾಗೆ ಆದದ್ದನ್ನು ನಾನು ಕಂಡೆ. ಅಷ್ಟರಲ್ಲಿ ಕ್ನೆಲ್ಸ್ ಇನ್ನೊಂದು ಗುಂಡು ತುಂಬಿ ಹಂದಿಯನ್ನು ಕೆಡವಿದ.

ಬ್ರಾಂಟ್ ಎದ್ದ. ಮುಖ ಸುಣ್ಣದ ಹಾಗಿತ್ತು. "ಸತ್ತಿದ್ದು ಅವಳು, ನಾನಲ್ಲ. ಯಾಕೆ ಎಲ್ರೂ ಹಿಂಗೆ ನೋಡ್ತಿದೀರಾ?" ಎಂದು ನಕ್ಕ. ನಮ್ಮ ಗಂಡಸರಿಗೆ ನೋವು ಎಂದರೆ ನಾಚಿಕೆ. ಕುದಿನೀರಿನ ತೊಟ್ಟಿಯ ಹತ್ತಿರ ನಿಂತು ಎಡಗೈಯಲ್ಲೇ ಹಂದಿಯ ಕೂದಲು ಕೆರೆದ, ಏಣಿಗೆ ಕಟ್ಟಿ ಎತ್ತುವಾಗಲೂ ಹೆಗಲು ಕೊಟ್ಟ.

ಹಂದಿಯ ಬಾಲ ಕೊಯ್ದ ಕೂಡಲೇ ಅದು ಮಾಯವಾಗುತ್ತದೆ. ಯಾರದಾದರೂ ಬೆನ್ನಿಗೆ ಗೊತ್ತಾಗದಂತೆ ಪಿನ್ನು ಚುಚ್ಚಿ ನೇತುಹಾಕುವುದು, ಅವರು ದಿನವೆಲ್ಲ ಬಾಲ ಅಲ್ಲಾಡಿಸಿಕೊಂಡು ಓಡಾಡುವುದು, ಉಳಿದವರು ನಗು ನುಂಗಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಆ ದಿನ ಕ್ನೆಲ್ಸ್ ಅದನ್ನು ನೆಟಾಳ ಲಂಗಕ್ಕೆ ಚುಚ್ಚಿದ್ದ. ಹೆಂಗಸರು ಅಂಗಳದಲ್ಲಿ ತಣ್ಣೀರಿನಲ್ಲಿ ಕರುಳು ತೊಳೆದು ಕೆರೆಯುತ್ತಿದ್ದೆವು. ನೆಟಾ ಬಗ್ಗಿದಾಗಲೆಲ್ಲ ಬಾಲ ಮೇಲೇಳುತ್ತಿತ್ತು, ಲೇನಾ ಕರುಳಿನ ಬಟ್ಟಲಿಗೆ ಮುಖ ಮರೆಮಾಡುತ್ತಿದ್ದಳು.

ಆಗ ಬ್ರಾಂಟ್ ಬಂದ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. "ಅಕ್ಕ, ಸ್ವಲ್ಪ ನೋಡೆ. ಕೈ ಎತ್ತಕ್ಕಾಗ್ತಿಲ್ಲ."

ನೆಟಾ ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿ ಅವನ ಅಂಗಿ ತೆಗೆದಳು. ನಾವೆಲ್ಲ ಬಾಗಿಲಲ್ಲಿ ಗುಂಪು ಕೂಡಿದೆವು. ಕೊರಳ ಗುಳಿ ಆಗಲೇ ಊದಿಕೊಂಡಿತ್ತು. ಅದರ ಎಡಕ್ಕೆ ಮೂಳೆಯ ತುದಿ ಗುಬುಟಾಗಿ ಎದ್ದು ಕಾಣುತ್ತಿತ್ತು, ಬಲಕ್ಕೆ ನುಣ್ಣಗೆ ಏನೂ ಇರಲಿಲ್ಲ.

"ಎಡದ್ದು ಎದ್ದಿದೆ," ಎಂದಳು ನೆಟಾ.

"ನೋವು ಬಲಗಡೆ ಕಣೆ."

"ನೋವು ಎಲ್ಲೆಲ್ಲೋ ಓಡಾಡತ್ತೆ, ಮೂಳೆ ಸುಳ್ಳು ಹೇಳಲ್ಲ. ಕಂಬಕ್ಕೆ ತಾಗಿದ್ದು ಎಡಗಡೆ ತಾನೆ?"

ಮೇಲೆದ್ದ ಮೂಳೆಯನ್ನು ಒತ್ತಿ ಕೂರಿಸುವುದು ಅಜ್ಜಿಯ ಮೊದಲ ಪಾಠ. ಯಾವ ಮೂಳೆ ಕೂರಿಸುವ ಮೊದಲೂ ನೆಟಾ ಕೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಕೈ ತಣ್ಣಗಿದ್ದರೆ ತನಗೇನೂ ಕಾಣುವುದಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಬೆಳಗಿನಿಂದ ತಣ್ಣೀರಿನಲ್ಲಿದ್ದ ಕೈ ಅದು, ಕೆಂಪಗೆ ಮರಗಟ್ಟಿತ್ತು. ಅದನ್ನು ಬೆಚ್ಚಗೆ ಮಾಡಿಕೊಳ್ಳದೆಯೇ ಗುಳಿಗೆ ಬೆರಳಿಟ್ಟಳು. ಅಷ್ಟರಲ್ಲಿ ಅವಳ ಹಿಂದೆ ಬಾಲ ತೂಗಾಡಿ ಲೇನಾ ಕಿಸಕ್ಕೆಂದಳು. ಕ್ನೆಲ್ಸ್ ಕೆಮ್ಮುವ ನೆಪ ಮಾಡಿದ. ನೋವಿನಲ್ಲೂ ಬ್ರಾಂಟನ ತುಟಿ ಅರಳಿತು.

"ಯಾಕೆ ನಗ್ತಿದೀರಾ? ನಾಟಕ ನೋಡೋಕೆ ಬಂದಿದೀರಾ?" ಎಂದು ನೆಟಾ ಸಿಡುಕಿದಳು. ಬೆರಳು ತೆಗೆದಳು. ಭುಜ ಇಳಿಬಿಡು ಎಂದು ಹೇಳಲೇ ಇಲ್ಲ. ಅಂಗೈಯ ಬುಡವನ್ನು ಎಡ ಮೂಳೆಯ ತುದಿಗಿಟ್ಟು ಮೈಯ ಭಾರವನ್ನೆಲ್ಲ ಬಿಟ್ಟು ಒತ್ತಿದಳು. ಬ್ರಾಂಟ್ ಕೂಗಿದ ಕೂಗಿಗೆ ಎಲ್ಲರ ನಗು ನಿಂತಿತು. ಮತ್ತೊಮ್ಮೆ ಒತ್ತಿದಳು. ಏನೋ ಕದಲಿದ ಹಾಗಾಯಿತು. ಎರಡು ತೋಳನ್ನೂ ಎದೆಗೆ ಸೇರಿಸಿ ಬಟ್ಟೆ ಸುತ್ತಿ ಬಿಗಿದಳು. "ಕೂತಿರು. ಸಂಜೆ ಹೊತ್ತಿಗೆ ಸರಿ ಹೋಗತ್ತೆ," ಎಂದು ಕರುಳಿನ ತೊಟ್ಟಿಗೆ ಮರಳಿದಳು.

ಮಧ್ಯಾಹ್ನ ಎಲ್ಲರಿಗೂ ಬಡಿಸಿದೆ. ಬ್ರಾಂಟನಿಗೆ ನಾನೇ ತಿನ್ನಿಸಿದೆ. ಆಲೂಗಡ್ಡೆಯ ತುತ್ತನ್ನು ಬಾಯಲ್ಲಿ ಬಹಳ ಹೊತ್ತು ಹೊರಳಾಡಿಸಿ ಕೈಬಟ್ಟೆಗೆ ಉಗಿದ. "ಇಳೀತಾ ಇಲ್ಲ," ಎಂದ. ದನಿ ಅವನದಾಗಿರಲಿಲ್ಲ, ಗೊಗ್ಗರು, ಯಾರೋ ಮುದುಕ ಮಾತಾಡಿದ ಹಾಗಿತ್ತು.

"ದನಿಗೇನಾಯ್ತು?"

"ಬೆಳಗ್ಗೆ ಕಿರುಚಿದ್ನಲ್ಲ. ಸುಮ್ನಿರು."

ಮಲಗು ಎಂದು ಹಾಸಿಗೆಗೆ ಒರಗಿಸಿದೆ. ಒರಗಿದ ಕೂಡಲೇ ಧಡಕ್ಕನೆ ಎದ್ದು ಕೂತು ಗಾಳಿಗೆ ಬಾಯಿ ತೆರೆದ. ಕೊರಳ ಬಲಭಾಗದ ನರಗಳು ಉಬ್ಬಿ ನಿಂತಿದ್ದವು. ಕಟ್ಟಿನಿಂದ ಹೊರಗೆ ಕಾಣುತ್ತಿದ್ದ ಬಲಗೈಯ ಬೆರಳುಗಳು ನೇರಳೆಯ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದರೆ ಗೊತ್ತಾಗುತ್ತಿಲ್ಲ ಎಂದ. ಕಿಟಕಿಯ ಹೊರಗೆ ಹಿಮ ಬೀಳತೊಡಗಿತ್ತು. ಸದ್ದೇ ಇಲ್ಲದೆ, ದಪ್ಪನೆಯ ಹಿಮ.

ನಾನು ಅಡುಗೆಮನೆಗೆ ಓಡಿದೆ. ಒಲೆಯ ಮೇಲಿನ ದೊಡ್ಡ ಕೊಪ್ಪರಿಗೆಯಲ್ಲಿ ಕೊಬ್ಬು ಕರಗುತ್ತಿತ್ತು, ನೆಟಾ ಮರದ ಸೌಟಿನಿಂದ ತಿರುಗಿಸುತ್ತಿದ್ದಳು.

"ಅಕ್ಕ, ಪೇಟೆಗೆ ಹೋಗ್ಬೇಕು. ಡಾಕ್ಟರಿಗೆ ತೋರಿಸ್ಬೇಕು."

"ಯಾಕೆ?"

"ಅವ್ನಿಗೆ ಉಸಿರು ಸಿಕ್ತಿಲ್ಲ."

"ಕಟ್ಟು ಬಿಗಿಯಾಗಿರ್ಬೇಕು. ಸಡಿಲ ಮಾಡು."

"ಮಾಡಿದೆ. ನೀನು ಏನು ಮಾಡಿದೀಯೋ ದೇವರಿಗೇ ಗೊತ್ತು!"

ಲೇನಾ ಸಾಸೇಜು ತುಂಬುವುದನ್ನು ನಿಲ್ಲಿಸಿದಳು. ಅಷ್ಟು ವರ್ಷಗಳಲ್ಲಿ ನೆಟಾಳ ಕೈಯ ಬಗ್ಗೆ ಊರಿನಲ್ಲಿ ಯಾರೂ ಒಂದು ಮಾತು ಆಡಿರಲಿಲ್ಲ. ನೆಟಾಳ ಮುಖ ಗಡುಸಾಯಿತು. "ಅವನನ್ನ ಸಾಕಿದ್ದು ನಾನು. ಅವನ ಮೈಯಲ್ಲಿ ನಾನು ಮುಟ್ಟದೆ ಇರೋ ಮೂಳೆ ಇಲ್ಲ. ನೀನು ನೆನ್ನೆ ಮೊನ್ನೆ ಬಂದವಳು, ನಂಗೆ ಹೇಳ್ಕೊಡ್ತೀಯಾ?"

"ಹೇಳ್ಕೊಡ್ತಿಲ್ಲ. ಬಂದು ನೋಡು ಅಂತಿದೀನಿ. ನೋಡೋಕೂ ನಿಂಗೆ ಕಷ್ಟನಾ? ನಿನ್ನ ಹೆಸರು ಉಳಿಸ್ಕೊಳ್ಳೋಕೆ ನನ್ನ ಗಂಡ ಸಾಯ್ಬೇಕಾ?"

ನಾನು ಕಿರುಚಿದ್ದು ಬೀದಿಗೆ ಕೇಳಿಸಿರಬೇಕು. ಕೇಳಿಸಲಿ ಎಂದೇ ಕಿರುಚಿದೆ. ನೆಟಾ ಸೌಟನ್ನು ಲೇನಾಳ ಕೈಗಿಟ್ಟಳು. ಕೊಪ್ಪರಿಗೆಯ ಹಬೆಯಲ್ಲಿ ಎರಡು ಕೈಯನ್ನೂ ಹಿಡಿದಳು, ತಿರುಗಿಸಿ ಹಿಡಿದಳು, ಕಂಕುಳಲ್ಲಿ ಇಟ್ಟುಕೊಂಡಳು. ಬ್ರಾಂಟನ ಕೋಣೆಯ ಕಡೆ ತಿರುಗಿದಳು. ಬಾಲ ಇನ್ನೂ ಅವಳ ಬೆನ್ನಹಿಂದೆ ತೂಗುತ್ತಿತ್ತು. ಅದನ್ನು ಕಿತ್ತು ಒಲೆಗೆ ಹಾಕಿದೆ. ಅವಳಿಗೆ ಅದೂ ಗೊತ್ತಾಗಲಿಲ್ಲ.

ಬ್ರಾಂಟ್ ಹಾಸಿಗೆಯ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಉಸಿರು ಎಳೆದಾಗಲೆಲ್ಲ ಗಂಟಲಲ್ಲಿ ಸುಂಯ್ ಎನ್ನುತ್ತಿತ್ತು. ನೆಟಾ ಕಟ್ಟು ಬಿಚ್ಚಿದಳು. ಬೆರಳನ್ನು ಗುಳಿಯಲ್ಲಿಟ್ಟಳು. ಊತವನ್ನು ಮೆಲ್ಲಗೆ, ತುಂಬ ಮೆಲ್ಲಗೆ ಒತ್ತಿ ಒಳಗಿಳಿದಳು.

"ಭುಜ ಇಳಿಬಿಡು ಮಗು," ಎಂದಳು.

ಅವನು ಪ್ರಯತ್ನಪಟ್ಟ. ಅವಳ ಬೆರಳು ಎಡಕ್ಕೆ ಸರಿಯಿತು, ನಿಂತಿತು. ಬಲಕ್ಕೆ ಸರಿಯಿತು. ಅಲ್ಲಿ ಅದು ಹುಡುಕಿತು. ಇನ್ನೂ ಹುಡುಕಿತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅಷ್ಟು ವರ್ಷ ಅವಳ ಮುಖದಲ್ಲಿ ನಾನು ಕಂಡಿರದಿದ್ದ ಒಂದು ಭಯ ಅಲ್ಲಿ ಬಂದು ಕೂತಿತು.

"ಅಡ್ಡನಾರು ಈ ಕಡೆ ಇಲ್ಲ," ಎಂದಳು. "ಬಲದ್ದು ಒಳಗೆ ಹೋಗಿದೆ. ಎದೆಮೂಳೆ ಹಿಂದಕ್ಕೆ. ಎಡದ್ದು ಎದ್ದಿರ್ಲಿಲ್ಲ. ಪಕ್ಕದ್ದು ಮುಳುಗಿತ್ತು, ಅದಕ್ಕೆ ಇದು ಎದ್ದ ಹಾಗೆ ಕಂಡಿದ್ದು." ಆಮೇಲೆ, ನನ್ನ ಕಿರುಚಾಟಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದವರಿಗೂ ಕೇಳುವ ಹಾಗೆ ಹೇಳಿದಳು: "ನಾನು ಚೆನ್ನಾಗಿದ್ದ ಮೂಳೆನ ಒತ್ತಿ ಕೆಡಿಸಿದೀನಿ."

ಕ್ನೆಲ್ಸ್ ಬಂಡಿಗೆ ಕುದುರೆ ಕಟ್ಟುತ್ತೇನೆ ಎಂದು ತಿರುಗಿದ.

"ಪೇಟೆ ಮುಟ್ಟೋ ಹೊತ್ತಿಗೆ ಕತ್ತಲಾಗತ್ತೆ," ಎಂದಳು ನೆಟಾ. "ಈ ಹಿಮದಲ್ಲಿ ಅಷ್ಟು ಹೊತ್ತು ತಡೀತಾನೋ ಇಲ್ವೋ. ಎಳೆದು ಹೊರಗೆ ತರ್ಬಹುದು. ಹೇಗೆ ಅಂತ ಅಜ್ಜಿ ಹೇಳಿದ್ಲು. ಆದ್ರೆ..."

"ಆದ್ರೆ ಏನು? ಹೇಳು."

"ಅಜ್ಜಿ ಎಳೆದವನು ಬದುಕ್ಲಿಲ್ಲ."

ಬ್ರಾಂಟ್ ನನ್ನನ್ನು ನೋಡಿದ. ಕಣ್ಣು ಕೆಂಪಾಗಿತ್ತು, ತುಟಿ ನೀಲಿಯಾಗಿತ್ತು. ಮಾತಾಡಲು ಗಾಳಿ ಸಾಲುತ್ತಿರಲಿಲ್ಲ.

ನೆಟಾ ನನ್ನ ಮುಂದೆ ನಿಂತಳು. "ಟ್ರೂಡಾ, ಅವನು ನಿನ್ನ ಗಂಡ. ನಾನು ಒಂದು ಸಲ ತಪ್ಪು ಮಾಡಿದೀನಿ. ಮುಟ್ಬೇಡ ಅಂದ್ರೆ ಮುಟ್ಟಲ್ಲ. ಬಂಡಿಯಲ್ಲಿ ನಿನ್ನ ಜೊತೆ ಬರ್ತೀನಿ, ಅಷ್ಟೆ. ನೀನು ಹೇಳ್ಬೇಕು."

ನನಗೆ ಅವಳ ಮೇಲೆ ಬಂದ ಸಿಟ್ಟು ಎಷ್ಟೆಂದು ಹೇಳಲಾರೆ. ತಪ್ಪು ಮಾಡಿದವಳು ಅವಳು, ಈಗ ಆ ಭಾರವನ್ನು ತಂದು ನನ್ನ ತಲೆಗೆ ಹೊರಿಸುತ್ತಿದ್ದಾಳಲ್ಲ ಎಂದು ಹೊಡೆಯಬೇಕೆನಿಸಿತು. ಅವಳ ಕೈ ನೋಡಿದೆ. ನಡುಗುತ್ತಿರಲಿಲ್ಲ. ಮುಖವೆಲ್ಲ ನಡುಗುತ್ತಿತ್ತು, ಕೈ ಮಾತ್ರ ಇಲ್ಲ. ಬ್ರಾಂಟನ ಗಂಟಲಿನ ಸುಂಯ್ ಸದ್ದು ಇನ್ನಷ್ಟು ಸಣ್ಣದಾಯಿತು.

"ಎಳಿ," ಎಂದೆ.

ಹಂದಿಗೆಂದು ತಂದಿದ್ದ ಉಪ್ಪಿನ ಮೂಟೆಯನ್ನು ಬೆಂಚಿನ ಮೇಲೆ ಹಾಕಿದೆವು. ಅದು ಬೆನ್ನಿನ ನಡುವೆ, ಎರಡು ಹೆಗಲಹಲಗೆಗಳ ಮಧ್ಯೆ ಬರುವಂತೆ ಅವನನ್ನು ಮಲಗಿಸಬೇಕು. ಮಲಗಿಸಿದರೆ ಉಸಿರು ನಿಲ್ಲುತ್ತದೆ. ಆದ್ದರಿಂದ ಎಲ್ಲರೂ ಮೊದಲೇ ಜಾಗ ಹಿಡಿದು ನಿಂತೆವು. ಎದೆಯ ಸುತ್ತ ಹಾಸುಬಟ್ಟೆ ಹಾಕಿ ನಾನೂ ಲೇನಾಳೂ ಎಡಕ್ಕೆ ಹಿಡಿದೆವು. ಬಲ ತೋಳನ್ನು ಹೊರಕ್ಕೆ ಚಾಚಿ ಹಿಂದಕ್ಕೆ ಜಗ್ಗುವುದು ಕ್ನೆಲ್ಸ್. ಕೊಬ್ಬು ಮೆತ್ತಿದ ಬೆರಳು ಜಾರದಂತೆ ನೆಟಾ ಒಗೆದ ಬಟ್ಟೆಯೊಂದನ್ನು ಸುತ್ತಿಕೊಂಡು, ಬಲ ಮೂಳೆಯ ನಡುಭಾಗವನ್ನು ಮೇಲಿನಿಂದ ಹಿಡಿದಳು. "ಮಲಗ್ಸಿ," ಎಂದಳು.

ಬ್ರಾಂಟನ ಕಣ್ಣು ಮೇಲಕ್ಕೆ ಹೋದವು. ಗಂಟಲಿನ ಸದ್ದು ನಿಂತೇ ಹೋಯಿತು. ಕ್ನೆಲ್ಸ್ ಜಗ್ಗಿದ. "ಇನ್ನೂ," ಎಂದಳು ನೆಟಾ. "ಇನ್ನೂ ಹಿಂದಕ್ಕೆ. ಏನ್ ಹಸು ಹಾಲು ಕರೀತಿದೀಯಾ? ಎಳಿ!" ಅವಳ ಹಣೆಯ ಬೆವರು ಅವನ ಎದೆಯ ಮೇಲೆ ಬಿತ್ತು. ಅವನ ಕಾಲುಗಳು ಬೆಂಚಿಗೆ ಬಡಿದು, ಆಮೇಲೆ ಬಡಿಯುವುದನ್ನೂ ನಿಲ್ಲಿಸಿದವು. ಆಗ ಒಣಗಿದ ಕಡ್ಡಿ ಮುರಿದ ಹಾಗೆ ಒಂದು ಸದ್ದು.

ಅವಳು ಕೈಬಿಟ್ಟಳು. ಯಾರೂ ಅಲ್ಲಾಡಲಿಲ್ಲ. ಅವನೂ ಅಲ್ಲಾಡಲಿಲ್ಲ. ನೆಟಾ ಅವನ ಮೂಗಿನ ಹತ್ತಿರ ಬಗ್ಗಿ, ಚಿಕ್ಕ ಮಕ್ಕಳನ್ನು ಎಬ್ಬಿಸುವ ದನಿಯಲ್ಲಿ, "ಬ್ರಾಂಟ್. ಏ ಬ್ರಾಂಟ್. ಏಳೋ," ಎಂದಳು.

ಅವನು ಮನೆಯ ಗಾಳಿಯನ್ನೆಲ್ಲ ಒಂದೇ ಸಲಕ್ಕೆ ಎಳೆದುಕೊಂಡ. ಕೆಮ್ಮಿದ. ಮತ್ತೆ ಎಳೆದುಕೊಂಡ. ಮೊದಲು ಆಡಿದ ಮಾತು, "ಕೊಬ್ಬು ಸೀಯ್ತಾ ಇದೆ ಕಣ್ರೋ." ನಿಜಕ್ಕೂ ಸೀಯುತ್ತಿತ್ತು. ಆ ಚಳಿಗಾಲವೆಲ್ಲ ಕಂದು ಬಣ್ಣದ ಕೊಬ್ಬನ್ನೇ ಬ್ರೆಡ್ಡಿಗೆ ಸವರಿಕೊಂಡೆವು.

ನಾನು ಸಂತೋಷಪಟ್ಟೆನೆಂದು ಹೇಳಿದರೆ ಅದು ಪೂರ್ತಿ ನಿಜವಲ್ಲ. ಬೆಳಗಿನವರೆಗೂ ಅವನ ಕೊರಳನ್ನೇ ನೋಡುತ್ತ ಹೆದರಿ ಕೂತಿದ್ದೆ. ಬೆಳಕಾದ ಮೇಲೆ ಪೇಟೆಗೆ ಹೋದೆವು. ಡಾಕ್ಟರ್ ಒರಟ, ಆದರೆ ಕೆಲಸ ಬಲ್ಲವನು. ಬಹಳ ಹೊತ್ತು ನೋಡಿದ.

"ಯಾರು ಇದನ್ನ ಎಳೆದಿದ್ದು?" ಎಂದು ಕೇಳಿದ.

"ನಾನು," ಎಂದಳು ನೆಟಾ.

"ಆ ಮೂಳೆ ತುದಿ ರಕ್ತನಾಳಕ್ಕೆ ಚುಚ್ಚಿದ್ದಿದ್ರೆ, ತೂತಿಗೆ ಬಿರಡೆಯೂ ಅದೇ ಆಗಿರ್ತಿತ್ತು. ಎಳೆದ ತಕ್ಷಣ ಅಲ್ಲೇ ರಕ್ತ ಹೋಗಿ ಸಾಯ್ತಿದ್ದ. ಗೊತ್ತಾ?"

"ಗೊತ್ತಿತ್ತು."

"ಎಳೀದೆ ಇದ್ದಿದ್ರೂ ಇಲ್ಲಿಗೆ ಬರೋ ತನಕ ಇರ್ತಿರ್ಲಿಲ್ಲ ಅನ್ಸತ್ತೆ." ಆತ ಕನ್ನಡಕ ಒರೆಸಿಕೊಂಡ. "ಸರಿ. ಈ ಎಡಗಡೆದು ಯಾರು ಮಾಡಿದ್ದು?"

ನೆಟಾ ನನ್ನ ಕಡೆಗೆ ನೋಡಲಿಲ್ಲ. "ಅದೂ ನಾನೇ."

ಬಲದ್ದು ಕೂತುಕೊಳ್ಳುತ್ತದೆ ಎಂದ ಡಾಕ್ಟರ್. ಎಡದ್ದು ಕೂರುವುದಿಲ್ಲ, ಒತ್ತಿದ್ದಕ್ಕೆ ಅದರ ನಾರುಗಳು ಹರಿದಿವೆ, ಅಡ್ಡನಾರು ಜಾಳಾಗಿದೆ. ಭಾರ ಎತ್ತಬಹುದು, ಆದರೆ ಹಿಡಿತ ತಪ್ಪಿದ ಆ ತುದಿ ಅವನು ಬದುಕಿರುವಷ್ಟು ದಿನವೂ ಎದ್ದೇ ಇರುತ್ತದೆ ಎಂದ.

ಹಾಗೇ ಆಯಿತು. ಊತ ಇಳಿದ ಮೇಲೆ ಬ್ರಾಂಟನ ಕೊರಳ ಎಡಕ್ಕೆ ವಾಲ್‌ನಟ್ ಗಾತ್ರದ ಗುಬುಟು ನಿಂತಿತು. ತೋಳು ಎತ್ತಿದಾಗ ಅದು ಚರ್ಮದಡಿ ಸರಿದಾಡುತ್ತಿತ್ತು. ಊರಿನವರು ನೆಟಾಳನ್ನು ಬಿಡಲಿಲ್ಲ. ಲೇನಾಳ ಬಾಯಿಂದ ಕಥೆ ನಾಲ್ಕು ಊರು ಸುತ್ತಿ ಬಂದರೂ, ಸತ್ತವನನ್ನು ಎಬ್ಬಿಸಿದಳು ಎಂದೇ ಜನ ಬಂದರು. ಅವಳು ಮಣಿಕಟ್ಟು ಕೂರಿಸಿದಳು, ಕಾಲಿನ ಗಿಣ್ಣು ಕೂರಿಸಿದಳು. ಕೊರಳೆಲುಬು ಎಂದರೆ ಮಾತ್ರ, "ಪೇಟೆಗೆ ಹೋಗಿ," ಎಂದು ಬಾಗಿಲು ತೋರಿಸುತ್ತಿದ್ದಳು. ನನ್ನ ಜೊತೆ ಜಗಳವಾಡುವುದನ್ನೂ ಬಿಟ್ಟಳು. ನಾನು ಹೇಳಿದ್ದಕ್ಕೆಲ್ಲ ಹ್ಞೂ ಎನ್ನುತ್ತಿದ್ದಳು. ಅದು ನನಗೆ ಸಮಾಧಾನ ತರಬೇಕಿತ್ತು, ತರಲಿಲ್ಲ. ಊಟಕ್ಕೆ ಕೂತರೆ ಅವಳ ಕಣ್ಣು ತಮ್ಮನ ಕೊರಳಿಗೆ ಹೋಗುತ್ತಿತ್ತು, ಅಲ್ಲಿಂದ ತಟ್ಟೆಗೆ ಇಳಿಯುತ್ತಿತ್ತು, ಆಮೇಲೆ ತುತ್ತು ಇಳಿಯುತ್ತಿರಲಿಲ್ಲ.

ಯಾವಾಗಿನಿಂದಲೋ ಬ್ರಾಂಟ್ ಅಂಗಿಯ ಗುಂಡಿಗಳನ್ನು ಕೊರಳವರೆಗೆ ಹಾಕಿಕೊಳ್ಳತೊಡಗಿದ. ಮೊದಲು ನಾನು ಗಮನಿಸಲಿಲ್ಲ. ಗಮನಿಸಿದ ಮೇಲೆ ಬೈದೆ, ಕೊರಳಪಟ್ಟಿಯ ಬೆವರಿನ ಕೊಳೆ ತಿಕ್ಕಿ ತಿಕ್ಕಿ ನನ್ನ ಬೆರಳು ಸವೆದಿದ್ದವು. "ಚರ್ಚಿಗೆ ಹೊರಟ ಪಾದ್ರಿ ಹಾಗೆ ಯಾಕೆ ಗುಂಡಿ ಹಾಕ್ಕೊಂಡು ದನ ಮೇಯಿಸ್ತೀಯಾ?" ಎಂದೆ. ಅವನು ಕೊರಳಪಟ್ಟಿ ಸರಿಮಾಡಿಕೊಂಡು ಹೊಲಕ್ಕೆ ಹೊರಟ.

ಮುಂದಿನ ಬೇಸಿಗೆಯ ಸುಗ್ಗಿಯಲ್ಲಿ, ಬಯಲೆಲ್ಲ ಬಾಣಲೆಯಾಗಿದ್ದ ಒಂದು ಮಧ್ಯಾಹ್ನ, ನಾನೂ ನೆಟಾಳೂ ಹೊಲಕ್ಕೆ ಕಾಫಿ ಬ್ರೆಡ್ಡು ಒಯ್ದೆವು. ಗಂಡಸರೆಲ್ಲ ಅಂಗಿ ಬಿಚ್ಚಿ ಬಂಡಿಯ ನೆರಳಿನಲ್ಲಿ ಬಿದ್ದುಕೊಂಡಿದ್ದರು. ಬ್ರಾಂಟ್ ಒಬ್ಬ ಮಾತ್ರ ಕೊನೆಯ ಗುಂಡಿಯವರೆಗೂ ಹಾಕಿಕೊಂಡು ಕೂತಿದ್ದ. ಮುಖ ಬೆಂದು ಕೆಂಪಗಾಗಿತ್ತು, ಬೆವರು ಗದ್ದದಿಂದ ಕೊರಳಪಟ್ಟಿಗೆ ಇಳಿಯುತ್ತಿತ್ತು. ನೆಟಾ ಅವನ ಮುಂದೆ ನಿಂತಳು.

"ಗುಂಡಿ ಬಿಚ್ಚೋ. ಸಾಯ್ತೀಯ ಈ ಸೆಕೆಗೆ."

"ಇರ್ಲಿ ಬಿಡು."

"ಬಿಚ್ಚು ಅಂದೆ."

ಅವನು ತಲೆಯೆತ್ತಿ ಅವಳನ್ನು ನೋಡಿದ. "ಚಳಿ ಆಗ್ತಿದೆ ಕಣಕ್ಕ," ಎಂದ.

ಕ್ನೆಲ್ಸ್ ನಗಲು ಬಾಯಿ ತೆರೆದವನು ಮುಚ್ಚಿಕೊಂಡ. ನೆಟಾ ಗದ್ದದ ಕೆಳಗೆ ಕೈಹಾಕಿ ತನ್ನ ತಲೆಯ ಕಪ್ಪು ಬಟ್ಟೆಯ ಗಂಟು ಬಿಚ್ಚಿದಳು. ಹೊರಗಿನ ಗಂಡಸರ ಮುಂದೆ ಅವಳ ಬರಿದಲೆಯನ್ನು ನಾನು ಕಂಡದ್ದು ಅದೊಂದೇ ಸಲ. ಕೂದಲು ಎಷ್ಟು ಬೆಳ್ಳಗಾಗಿದೆ ಎಂದು ಗೊತ್ತಾದದ್ದೂ ಆಗಲೇ. ಬಗ್ಗಿ ಆ ಬಟ್ಟೆಯನ್ನು ತಮ್ಮನ ಕೊರಳಪಟ್ಟಿಯ ಮೇಲೆ ಎರಡು ಸುತ್ತು ಸುತ್ತಿ, ಚಳಿಗೆ ಕಟ್ಟುವ ಹಾಗೆಯೇ ಕಟ್ಟಿದಳು. ಅವನು ಗದ್ದವೆತ್ತಿ ಕಟ್ಟಿಸಿಕೊಂಡ.